ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಎರಡನೇ ಹಾರ್ಡ್ ಡಿಸ್ಕ್ ಮಲಗಿಸುವುದು ಹೇಗೆ?

ಸಿಸ್ಟಮ್ ಎಸ್‌ಎಸ್‌ಡಿಯಲ್ಲಿ, ಫೋಟೊ, ವಿಡಿಯೊ, ಬ್ಯಾಕಪ್ ಎಲ್ಲ ಒಂದು ದೊಡ್ಡ ಹಾರ್ಡ್ ಡಿಸ್ಕ್‌ನಲ್ಲಿ. ಈಗ ಎಷ್ಟೋ ಡೆಸ್ಕ್‌ಟಾಪ್‌ಗಳು ಹೀಗೇ ಇರುತ್ತವೆ ಅಲ್ವಾ? ಆ ದೊಡ್ಡ ಡಿಸ್ಕನ್ನು ದಿನಕ್ಕೆ ಒಂದೆರಡು ಸಲ ಮುಟ್ಟಿದರೆ ಜಾಸ್ತಿ. ಆದರೂ ಅದು ಇಡೀ ದಿನ ಸುಮ್ನೆ ತಿರುಗುತ್ತಿರುತ್ತದೆ. ಕೆಲಸವಿಲ್ಲದೆ ತಿರುಗುವ 3.5 ಇಂಚಿನ ಡಿಸ್ಕ್ ಸಾಮಾನ್ಯವಾಗಿ 4ರಿಂದ 6 ವ್ಯಾಟ್ ಎಳೆಯುತ್ತದೆ. ಮಲಗಿಸಿದರೆ, ಅಂದರೆ ತಿರುಗುವುದನ್ನು ನಿಲ್ಲಿಸಿದರೆ, 1 ವ್ಯಾಟ್‌ನ ಆಸುಪಾಸಿಗೆ ಇಳಿಯುತ್ತದೆ. ಗುಂಯ್ ಎನ್ನುವ ಸದ್ದೂ ಇರುವುದಿಲ್ಲ.

ಮೊದಲು ಗ್ನೋಮ್ ಡೆಸ್ಕ್‌ಟಾಪ್‌ನ ‘ಡಿಸ್ಕ್ಸ್’ ಆ್ಯಪ್ ತೆರೆಯಿರಿ. ಎಡಗಡೆಯ ಪಟ್ಟಿಯಲ್ಲಿ ಎಸ್‌ಎಸ್‌ಡಿಯನ್ನು ಬಿಟ್ಟುಬಿಡಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಲಿನಕ್ಸ್ ಇರುವುದೇ ಹಾರ್ಡ್ ಡಿಸ್ಕ್‌ನಲ್ಲಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸಿಸ್ಟಮ್ ಆಗಾಗ ಲಾಗ್ ಬರೆಯುತ್ತಲೇ ಇರುತ್ತದೆ. ಮಲಗಿದ ಡಿಸ್ಕ್ ಮತ್ತೆ ಮತ್ತೆ ಏಳಬೇಕಾಗುತ್ತದೆ.

ಬೇಕಾದ ಡಿಸ್ಕ್ ಆರಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ ‘ಡ್ರೈವ್ ಸೆಟ್ಟಿಂಗ್ಸ್’ ಒತ್ತಿ. ‘ಸ್ಟ್ಯಾಂಡ್‌ಬೈ’ ಟ್ಯಾಬ್‌ನಲ್ಲಿ ಸ್ವಿಚ್ ಆನ್ ಮಾಡಿ, ಸ್ಲೈಡರ್ ಎಳೆದು ಸಮಯ ಕೊಡಿ. ನನ್ನ ಸಲಹೆ 20 ನಿಮಿಷ. ಐದು ನಿಮಿಷ ಇಡಬೇಡಿ. ಮೋಟರ್ ಅತಿ ಹೆಚ್ಚು ವಿದ್ಯುತ್ ಎಳೆಯುವುದು, ಸವೆಯುವುದು ಪ್ರತಿ ಸಲ ತಿರುಗಲು ಶುರುಮಾಡುವಾಗ. ಜೊತೆಗೆ ಫೋಲ್ಡರ್ ತೆರೆದಾಗಲೆಲ್ಲ ಕೆಲವು ಸೆಕೆಂಡ್ ಕಾಯಬೇಕು. ಇಲ್ಲಿ ಕೊಟ್ಟ ಸಮಯ ರೀಸ್ಟಾರ್ಟ್ ಮಾಡಿದರೂ ಉಳಿಯುತ್ತದೆ.

ಅಲ್ಲೇ ಪಕ್ಕದಲ್ಲಿ ‘ಎಪಿಎಮ್’ ಟ್ಯಾಬ್ ಇದೆ, ಡಿಸ್ಕ್ ಎಷ್ಟು ವಿದ್ಯುತ್ ಉಳಿಸಬೇಕು ಎಂದು ಹೇಳುವುದಕ್ಕೆ. ಅಲ್ಲಿನ ಸಂಖ್ಯೆ 127 ಅಥವಾ ಕಡಿಮೆ ಇದ್ದರೆ ಡಿಸ್ಕ್ ತಾನೇ ನಿಲ್ಲಬಹುದು, 128ರಿಂದ 254ರವರೆಗೆ ನಿಲ್ಲುವಂತಿಲ್ಲ. ತೀರಾ ಕಡಿಮೆ ಇಟ್ಟರೆ ಕೆಲವು ಡಿಸ್ಕ್‌ಗಳು ಓದಿ ಬರೆಯುವ ಹೆಡ್ಡನ್ನು ಪದೇ ಪದೇ ಪಾರ್ಕ್ ಮಾಡುತ್ತವೆ, ಅಂದರೆ ಬದಿಗೆ ಸರಿಸಿಡುತ್ತವೆ. ಇದನ್ನು ಇದ್ದ ಹಾಗೇ ಬಿಡುವುದು ಒಳ್ಳೆಯದು.

ಟರ್ಮಿನಲ್ ಇಷ್ಟಪಡುವವರಿಗೆ ‘ಎಚ್‌ಡಿಪಾರ್ಮ್’ (hdparm) ಎನ್ನುವ ಕಮಾಂಡ್ ಇದೆ. ಸಮಯ ಕೊಡುವುದು ದೊಡ್ಡಕ್ಷರದ ‘ಎಸ್’ ಆಯ್ಕೆಯಿಂದ. ಸಣ್ಣಕ್ಷರದ್ದು ಬೇರೆಯೇ ಕೆಲಸ ಮಾಡುತ್ತದೆ, ಅಪಾಯದ್ದು, ಅದನ್ನು ಮುಟ್ಟಬೇಡಿ. ಇನ್ನು ಕೊಡುವ ಸಂಖ್ಯೆ ನಿಮಿಷ ಅಲ್ಲ. 1ರಿಂದ 240ರವರೆಗೆ ಪ್ರತಿ ಅಂಕಿಗೆ 5 ಸೆಕೆಂಡ್. ಅಂದರೆ 30 ಕೊಟ್ಟರೆ ಆಗುವುದು ಎರಡೂವರೆ ನಿಮಿಷ! 120 ಎಂದರೆ 10 ನಿಮಿಷ, 240 ಎಂದರೆ 20. ಅಲ್ಲಿಂದ ಲೆಕ್ಕವೇ ಬದಲು: 241 ಅರ್ಧ ಗಂಟೆ, 242 ಒಂದು ಗಂಟೆ, ಹೀಗೆ 251ರವರೆಗೆ. ಸೊನ್ನೆ ಕೊಟ್ಟರೆ ಮಲಗುವುದೇ ಇಲ್ಲ.

ಕೆಲಸ ಆಗಿದೆಯೋ ನೋಡಲು 20 ನಿಮಿಷ ಬಿಟ್ಟು ‘ಎಚ್‌ಡಿಪಾರ್ಮ್’ಗೆ ದೊಡ್ಡಕ್ಷರದ ‘ಸಿ’ ಆಯ್ಕೆ ಕೊಡಿ. ‘ಸ್ಟ್ಯಾಂಡ್‌ಬೈ’ ಎಂದು ಬಂದರೆ ಸರಿ. ‘ಆ್ಯಕ್ಟಿವ್/ಐಡಲ್’ ಎಂದೇ ಬರುತ್ತಿದ್ದರೆ ಯಾವುದೋ ಪ್ರೋಗ್ರಾಂ ಎಬ್ಬಿಸುತ್ತಿದೆ. ಫೈಲ್ ಹುಡುಕುವ ಇಂಡೆಕ್ಸರ್ ಇರಬಹುದು, ಅರ್ಧ ಗಂಟೆಗೊಮ್ಮೆ ಡಿಸ್ಕ್ ಪರೀಕ್ಷಿಸುವ ‘ಸ್ಮಾರ್ಟ್‌ಡಿ’ ಇರಬಹುದು. ಇಂಡೆಕ್ಸರ್‌ನ ಪಟ್ಟಿಯಿಂದ ಆ ಡಿಸ್ಕನ್ನು ತೆಗೆಯಿರಿ. ‘ಸ್ಮಾರ್ಟ್‌ಡಿ’ಗೆ, ಮಲಗಿದ ಡಿಸ್ಕನ್ನು ಮುಟ್ಟಬೇಡ ಎಂದು ಹೇಳುವ ಆಯ್ಕೆ ಅದರ ಕಾನ್ಫಿಗ್ ಫೈಲಿನಲ್ಲೇ ಇದೆ.

ಯುಎಸ್‌ಬಿ ಕೇಸಿನಲ್ಲಿರುವ ಡಿಸ್ಕ್ ಯಾವುದಕ್ಕೂ ಬಗ್ಗದಿದ್ದರೆ ಕೇಸಿನೊಳಗಿನ ಚಿಪ್ ಈ ಆದೇಶಗಳನ್ನು ದಾಟಿಸುತ್ತಿಲ್ಲದಿರಬಹುದು. ಅದನ್ನು ಕೆಲಸ ಮುಗಿದ ಮೇಲೆ ಅನ್‌ಮೌಂಟ್ ಮಾಡಿ ಕಳಚಿಡಿ.