ಒಂದೇ ಪಾಪವನ್ನು ಒಂಬತ್ತು ವರ್ಷ ಹೇಳಿಕೊಂಡೆ

2008ರಲ್ಲಿ ನಾನು ಗುಂಡ್ಲುಪೇಟೆ ಕಡೆಯ ಒಂದು ಶಾಲೆಯಲ್ಲಿ ಆರನೇ ಕ್ಲಾಸಿನ ಟೀಚರ್. ಪ್ರವಾಸಕ್ಕೆಂದು ಮಕ್ಕಳಿಂದ ಸೇರಿಸಿದ್ದ 1,200 ರೂಪಾಯಿ ಒಂದು ಮಧ್ಯಾಹ್ನ ಕಾಣೆಯಾಯಿತು. ಊಟದ ಹೊತ್ತಿನಲ್ಲಿ ಕ್ಲಾಸಿನಲ್ಲಿ ಕೂತಿದ್ದವನು ಒಬ್ಬನೇ ಹುಡುಗ. ಪ್ರವಾಸಕ್ಕೆ ದುಡ್ಡು ಕೊಡಲಾಗದೆ ಹೆಸರು ಬರೆಸದಿದ್ದವನೂ ಅವನೇ. ನನಗೆ ಅಷ್ಟೇ ಸಾಕಾಯಿತು. ಎಲ್ಲರ ಮುಂದೆ ಕೆನ್ನೆಗೆ ಹೊಡೆದೆ. ಕಳ್ಳ ಅಂದೆ. ಕೂಲಿಗೆ ಹೋಗಿದ್ದ ಅವನ ಅಮ್ಮನನ್ನು ಕರೆಸಿ ಅವರೆದುರಿಗೂ ಅದನ್ನೇ ಹೇಳಿದೆ. ಮಾರನೆಯ ದಿನದಿಂದ ಹುಡುಗ ಶಾಲೆಗೆ ಬರಲಿಲ್ಲ.

ನಾಲ್ಕನೇ ದಿನ ದುಡ್ಡು ಸಿಕ್ಕಿತು. ನನ್ನ ಚೀಲದ ಒಳಬಟ್ಟೆ ಹರಿದಿತ್ತು, ಕವರ್ ಅದರೊಳಗೆ ಜಾರಿಹೋಗಿತ್ತು.

ಹೊಡೆದದ್ದಕ್ಕಿಂತ ದೊಡ್ಡ ತಪ್ಪು ಆಮೇಲೆ ಆಯಿತು. ಹೆಡ್‌ಮಾಸ್ಟರಿಗೆ "ದುಡ್ಡು ಸಿಕ್ಕಿತು ಸಾರ್" ಅಂದೆ. ಎಲ್ಲಿ ಸಿಕ್ಕಿತು ಅಂತ ಹೇಳಲಿಲ್ಲ. ಆ ಮನೆಗೂ ಹೋಗಲಿಲ್ಲ. ಇವತ್ತು ಬೇಡ, ನಾಳೆ ಹೋದರಾಯಿತು ಅಂದುಕೊಂಡೆ. ವರ್ಷ ಕಳೆಯಿತು. ಬೇರೆ ಕೆಲಸ ಸಿಕ್ಕಿ ಮೈಸೂರಿಗೆ ಬಂದುಬಿಟ್ಟೆ.

ನಾವು ಕಥೋಲಿಕರು. ಚಿಕ್ಕಂದಿನಿಂದ ಪಾಪನಿವೇದನೆ ಮಾಡಿ ಅಭ್ಯಾಸ, ಅಂದರೆ ಚರ್ಚಿನಲ್ಲಿ ಸ್ವಾಮಿಗಳ (ಪಾದ್ರಿಗಳ) ಮುಂದೆ ಪಾಪ ಹೇಳಿಕೊಂಡು ದೇವರ ಕ್ಷಮೆ ಪಡೆಯುವುದು. ಹುಡುಗನಿಗೆ ಹೊಡೆದ ವರ್ಷವೇ ಸ್ವಾಮಿಗಳ ಹತ್ತಿರ ಇದನ್ನು ಹೇಳಿಕೊಂಡೆ. "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಅಂತ ಅವರು ಪಾಪಕ್ಷಮೆ ಕೊಟ್ಟರು. ಹೊರಗೆ ಬಂದೆ, ಮನಸ್ಸು ಮಾತ್ರ ಹಗುರವಾಗಲಿಲ್ಲ. ಸರಿಯಾಗಿ ಹೇಳಲಿಲ್ಲವೇನೋ ಅನ್ನಿಸಿತು. ಮುಂದಿನ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮತ್ತೆ ಹೇಳಿದೆ. ಅದರ ಮುಂದಿನ ವರ್ಷವೂ ಅಷ್ಟೇ, ಬೇರೆ ಬೇರೆ ಚರ್ಚುಗಳಲ್ಲಿ, ಬೇರೆ ಬೇರೆ ಸ್ವಾಮಿಗಳ ಹತ್ತಿರ. ಶುಕ್ರವಾರ ಉಪವಾಸ ಮಾಡಿದೆ. ಅನಾಥಾಶ್ರಮಕ್ಕೆ ದುಡ್ಡು ಕೊಟ್ಟೆ. ರಾತ್ರಿ ಆ ಹುಡುಗನ ಮುಖ ಬರುವುದು ನಿಲ್ಲಲಿಲ್ಲ.

ನನ್ನ ಅಕ್ಕ, "ನಿನ್ನನ್ನು ನೀನೇ ಕ್ಷಮಿಸಿಕೋ, ಸಾಕು" ಅನ್ನುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ಆದರೆ ಆ ಮಾತು ನನಗೆ ಹಿಡಿಸುತ್ತಿರಲಿಲ್ಲ. ಏಟು ತಿಂದವನು ಅವನು, ಕ್ಷಮಿಸಿಕೊಳ್ಳಲು ನಾನು ಯಾರು? ಬೈಬಲಿನಲ್ಲೂ ಈ ಮಾತು ಎಲ್ಲೂ ಇಲ್ಲ. ಕ್ಷಮೆ ಅಲ್ಲಿ ಯಾವಾಗಲೂ ಇನ್ನೊಬ್ಬರ ಕೈಯಿಂದ ಬರುತ್ತದೆ. ನಮ್ಮ ಕೆಲಸ ಕೈ ಚಾಚಿ ತೆಗೆದುಕೊಳ್ಳುವುದು. ನನಗೆ ಆಗದೇ ಇದ್ದದ್ದು ಅದೇ.

2017ರ ತಪಸ್ಸು ಕಾಲದಲ್ಲಿ ಒಬ್ಬ ವಯಸ್ಸಾದ ಸ್ವಾಮಿಗಳು ಪೂರ್ತಿ ಕೇಳಿಸಿಕೊಂಡರು. "ಎಷ್ಟು ಸಲ ಹೇಳಿದ್ದೀಯಮ್ಮ ಇದನ್ನ?"

"ಲೆಕ್ಕ ಇಲ್ಲ ಸ್ವಾಮಿ."

ಅವರು ಲೊಯೋಲಾದ ಸಂತ ಇಗ್ನೇಷಿಯಸರ ಕಥೆ ಹೇಳಿದರು. ಯೇಸು ಸಭೆ (ಜೆಸ್ಯೂಟ್ ಸ್ವಾಮಿಗಳ ಸಂಘ) ಕಟ್ಟುವುದಕ್ಕೆ ಮೊದಲು, 1522ರಲ್ಲಿ, ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿ ಅವರೂ ಹೀಗೇ ಒದ್ದಾಡಿದ್ದರಂತೆ. ಮೂರು ದಿನ ಬರೆದು ಮಾಡಿದ ಪಾಪನಿವೇದನೆಯೂ ಸಾಲದು ಅನ್ನಿಸಿ, ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡು, ಕೊನೆಗೆ ಪ್ರಾಣ ಬಿಡುವ ಯೋಚನೆಯವರೆಗೂ ಹೋಗಿದ್ದರು. ಹಳೆಯದನ್ನು ಇನ್ನು ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದ ಮೇಲೆಯೇ ಅವರಿಗೆ ಬಿಡುಗಡೆ.

"ದೇವರು ಮೊದಲ ಸಲವೇ ಕ್ಷಮಿಸಿದ್ದಾರೆ. ಇದನ್ನ ಇನ್ನು ಇಲ್ಲಿಗೆ ತರಬೇಡ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ಆದರೆ ಆ ಹುಡುಗನ ಹೆಸರು ಇನ್ನೂ ಕೆಟ್ಟೇ ಇದೆ, ಅಲ್ವಾ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಮ್ಮ ಕಥೋಲಿಕ ಧರ್ಮಸಭೆ ಇದನ್ನು ಸ್ಪಷ್ಟವಾಗಿಯೇ ಕಲಿಸುತ್ತದೆ. ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ. ಅದರಿಂದ ಆದ ಹಾನಿಯನ್ನು ನಾವು ಸರಿಪಡಿಸಬೇಕು. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಮತ್ತೆ ಕಟ್ಟಿಕೊಡಬೇಕು. ನಾನು ಒಂಬತ್ತು ವರ್ಷ ಅತ್ತಿದ್ದೆ. ಅಳುವುದು ಆ ಮನೆಯ ಬಾಗಿಲು ತಟ್ಟುವುದಕ್ಕಿಂತ ಸುಲಭವಾಗಿತ್ತು.

ಆದರೂ ಧೈರ್ಯ ಬರಲಿಲ್ಲ. ಈಸ್ಟರಿನ ಹಿಂದಿನ ಭಾನುವಾರ, ಗರಿಗಳ ಭಾನುವಾರ ಬಂತು. ಆ ವರ್ಷ ಬೈಬಲಿನ ಮತ್ತಾಯನ ಸುವಾರ್ತೆಯಿಂದ ಯೇಸುವಿನ ಪಾಡುಗಳನ್ನು (ಯಾತನೆ, ಮರಣದ ಕಥೆಯನ್ನು) ಓದಿದರು. ಎಷ್ಟೋ ಸಲ ಕೇಳಿದ್ದೆ, ಆದರೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ವಿಷಯ ಅವತ್ತು ಕಿವಿಗೆ ಬಿತ್ತು. ಅವನೂ ಪಶ್ಚಾತ್ತಾಪಪಟ್ಟ. "ಪಾಪ ಮಾಡಿದೆ" ಅಂತ ಬಾಯಿಬಿಟ್ಟು ಹೇಳಿದ. ಹಿಡಿದುಕೊಟ್ಟದ್ದಕ್ಕೆ ಪಡೆದಿದ್ದ 30 ಬೆಳ್ಳಿ ನಾಣ್ಯ ವಾಪಸ್ ಕೊಟ್ಟ. ಯಾಜಕರು "ನಮಗೇನು, ನೀನೇ ನೋಡಿಕೋ" ಅಂದರು. ಅವನು ಹೋಗಿ ನೇಣು ಹಾಕಿಕೊಂಡ. ಯೇಸುವನ್ನು ಹಿಡಿದ ರಾತ್ರಿ, ಅವರು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ ಇನ್ನೊಬ್ಬ ಶಿಷ್ಯ ಪೇತ್ರ ಅತ್ತ, ಆದರೆ ಉಳಿದ. ಯೊವಾನ್ನನ ಸುವಾರ್ತೆಯ ಪ್ರಕಾರ ಪೇತ್ರ ಯೇಸುವನ್ನು ಅರಿಯೆ ಅಂದದ್ದು ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ. ಸತ್ತು ಮತ್ತೆ ಎದ್ದು ಬಂದ ಮೇಲೆ ಯೇಸು ದಡದಲ್ಲಿ ಮೀನು ಸುಟ್ಟು ಅವನನ್ನು ಊಟಕ್ಕೆ ಕರೆದದ್ದೂ ಇದ್ದಿಲ ಬೆಂಕಿಯ ಹತ್ತಿರವೇ. ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಅಂತ ಕೇಳಿದರು. ಹಳೆಯದನ್ನು ಎತ್ತಿ ಬೈಯಲಿಲ್ಲ. ನನ್ನ ಕುರಿಗಳನ್ನು ಮೇಯಿಸು ಅಂತ ಕೆಲಸ ಕೊಟ್ಟರು.

ಪಾಸ್ಕ ಹಬ್ಬ (ಈಸ್ಟರ್) ಮುಗಿದ ವಾರ ಹುಡುಗನ ಊರಿಗೆ ಬಸ್ ಹತ್ತಿದೆ.

ಅವನ ಅಮ್ಮ ಮನೆಯಲ್ಲೇ ಇದ್ದರು. ನನ್ನ ಗುರುತು ಹಿಡಿದರು. ಜಗಲಿಯಲ್ಲಿ ಅಕ್ಕಪಕ್ಕದವರೂ ಕೂತಿದ್ದರು. ಅವರ ಮುಂದೆಯೇ ಹೇಳಿದೆ: "ನಿಮ್ಮ ಮಗ ಕದ್ದಿರಲಿಲ್ಲ. ದುಡ್ಡು ನನ್ನ ಚೀಲದಲ್ಲೇ ಇತ್ತು. ನಾನು ಮುಚ್ಚಿಟ್ಟೆ."

ಆ ತಾಯಿ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅವತ್ತು ರಾತ್ರಿ ನಾನೂ ಹೊಡೆದೆ ಮೇಡಂ ಅವನ್ನ. ಕದ್ದಿಲ್ಲ ಕಣವ್ವ ಅಂತ ಕಾಲು ಹಿಡಿದ. ನಾನು ನಂಬಲಿಲ್ಲ" ಅಂದರು.

ನನ್ನ ಪಾಪ ಅಷ್ಟು ದೂರ ಹೋಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಕ್ಷಮೆ ಸಿಕ್ಕಿದ ಮೇಲೆ ನೋವು ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವತ್ತು ಜಾಸ್ತಿಯೇ ಆಯಿತು. ಆದರೆ ಅದನ್ನು ನೇರವಾಗಿ ನೋಡುವ ಶಕ್ತಿ ಇತ್ತು. ಇಬ್ಬರೂ ಬಹಳ ಹೊತ್ತು ಕೂತಿದ್ದೆವು.

ಹುಡುಗ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಯಲ್ಲಿದ್ದ. ಅಮ್ಮ ಫೋನ್ ಹಚ್ಚಿಕೊಟ್ಟರು. ಎಲ್ಲ ಹೇಳಿದೆ. ಅವನು "ಸರಿ ಮೇಡಂ" ಅಂದು ಫೋನ್ ಇಟ್ಟ. ಕ್ಷಮಿಸಿದೆ ಅನ್ನಲಿಲ್ಲ. ಅದನ್ನು ಅವನಿಂದ ಕೇಳುವ ಹಕ್ಕು ನನಗಿಲ್ಲ. ಹಳೆಯ ಶಾಲೆಗೂ ಹೋಗಿ ನಡೆದದ್ದನ್ನು ಬರೆದುಕೊಟ್ಟು ಬಂದೆ.

ಆಮೇಲೆ ಆ ಪಾಪವನ್ನು ಮತ್ತೆ ನಿವೇದಿಸಿಲ್ಲ. ಹೇಳಿಬಿಡೋಣ ಅನ್ನಿಸಿದ ದಿನಗಳಿವೆ. ಆಗ ಯೊವಾನ್ನನ ಮೊದಲ ಪತ್ರದ ಮೂರನೇ ಅಧ್ಯಾಯ ತೆಗೆಯುತ್ತೇನೆ. ನಮ್ಮ ಮನಸ್ಸು ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವರು ಅಂತ ಅಲ್ಲಿದೆ. ರಾತ್ರಿ ಇಗ್ನೇಷಿಯಸರು ಕಲಿಸಿದ ಆತ್ಮಶೋಧನೆ ಮಾಡುತ್ತೇನೆ. ಮೊದಲು ದಿನಕ್ಕಾಗಿ ಕೃತಜ್ಞತೆ, ಆಮೇಲೆ ಆ ದಿನದ ತಪ್ಪುಗಳು. ಆ ದಿನದ್ದು ಮಾತ್ರ.

ಅವನ ಮುಖ ಈಗಲೂ ಬರುತ್ತದೆ. ಬಂದಾಗ ಅವನಿಗಾಗಿ ಒಂದು, ಅವನ ಅಮ್ಮನಿಗಾಗಿ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿ ದೀಪ ಆರಿಸುತ್ತೇನೆ.