ಬೋಟಿನ ಜಿಪಿಎಸ್‌ಗೆ ಲ್ಯಾಪ್‌ಟಾಪ್ ಜೋಡಿಸಿದ್ದು: ಯಾವ ಸಾಫ್ಟ್‌ವೇರ್, ಯಾಕೆ?

ನಮ್ಮದು ಮಲ್ಪೆಯ ಆಳಸಮುದ್ರ ಟ್ರಾಲ್ ಬೋಟ್. ಕ್ಯಾಬಿನ್ನಿನಲ್ಲಿರುವ ಜಿಪಿಎಸ್ ಹಳೆಯದು, ಆದರೆ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಇದ್ದದ್ದು ಪರದೆಯದ್ದು. ಅಂಗೈ ಅಗಲದ ಪರದೆಯಲ್ಲಿ ಗುರುತು ಹಾಕಿಕೊಂಡ ಜಾಗಗಳು, ಅಂದರೆ ಪಾಯಿಂಟ್‌ಗಳು ಒಂದರ ಮೇಲೊಂದು ಬಿದ್ದು ಹೆಸರು ಓದಲಿಕ್ಕೇ ಆಗುತ್ತಿರಲಿಲ್ಲ. ರಾತ್ರಿ ಬಲೆ ಎಳೆಯುವಾಗ ಸಮುದ್ರದ ತಳದಲ್ಲಿರುವ ಮುಂದಿನ ಕಲ್ಲು ಎಷ್ಟು ದೂರ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಬಲೆ ಕಲ್ಲಿಗೆ ಸಿಕ್ಕಿದರೆ ಹರಿಯುವುದು ಬಲೆ ಮಾತ್ರ ಅಲ್ಲ, ಆ ಟ್ರಿಪ್ಪಿನ ಡೀಸೆಲ್ ಖರ್ಚೂ ಹೋದ ಹಾಗೆ. ಅದಕ್ಕೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಂತಿರುವಾಗ ಒಂದು ಲ್ಯಾಪ್‌ಟಾಪ್ ಜೋಡಿಸೋಣ ಅಂದುಕೊಂಡೆ.

ಮೊದಲು ನೋಡಿದ್ದು ದುಡ್ಡು ಕೊಟ್ಟು ತೆಗೆದುಕೊಳ್ಳುವ ಸಾಫ್ಟ್‌ವೇರ್‌ಗಳನ್ನು. ಟೈಮ್‌ಝೀರೋ ತರಹದವು ಸಮುದ್ರದ ತಳವನ್ನು ಮೂರು ಆಯಾಮದಲ್ಲಿ ತೋರಿಸುತ್ತವೆ. ನೋಡಲು ನಿಜಕ್ಕೂ ಸೊಗಸು. ಇನ್ನೊಂದರ ಡೆಮೊವನ್ನು ಬೋಟು ನಡೆಸುವ ನಮ್ಮ ತಾಂಡೇಲರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಚಂದ ಉಂಟು ಮಾರಾಯ, ನಮ್ಮ ಕಲ್ಲುಗಳೆಲ್ಲ ಇದಕ್ಕೆ ಬರ್ತದಾ? ನಾಳೆ ಬೇರೆ ಬೋಟಿಗೆ ಹೋದ್ರೆ ನಾನು ತಕೊಂಡು ಹೋಗ್ಲಿಕ್ಕೆ ಆಗ್ತದಾ?"

ಸಾಫ್ಟ್‌ವೇರ್ ಆರಿಸುವ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಎಲ್ಲೂ ಸಿಗಲಿಲ್ಲ. ಬಲೆ ಹರಿಯುವ ಕಲ್ಲು, ಮುಳುಗಿದ ಬೋಟು, ಮೀನು ಸಿಗುವ ಜಾಗ, ಇದೆಲ್ಲ ಇರುವುದು ತಾಂಡೇಲರ ಪುಸ್ತಕದಲ್ಲಿ. ಅವು ಅವರ ದುಡಿಮೆ. ಆ ಡೆಮೊದಲ್ಲಿ ಪಾಯಿಂಟ್‌ಗಳು ಸುಲಭವಾಗಿ ಒಳಗೆ ಹೋಗುತ್ತಿದ್ದವು, ಹೊರಗೆ ತೆಗೆಯಬೇಕಾದರೆ ಅದರದ್ದೇ ಬಗೆಯ ಫೈಲ್ ಮಾತ್ರ. ಬೇರೆ ಯಾವುದರಲ್ಲೂ ಅದು ತೆರೆಯುತ್ತಿರಲಿಲ್ಲ. ಸಾಲದ್ದಕ್ಕೆ ಆಗಾಗ ಇಂಟರ್ನೆಟ್‌ನಲ್ಲಿ ಲೈಸೆನ್ಸ್ ನೋಡಿಕೊಳ್ಳುತ್ತಿತ್ತು. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಆರಿಸಿದ್ದು ಓಪನ್ ಸಿಪಿಎನ್. ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ವಿಂಡೋಸ್ ಬೇಡವಾದರೆ ಲಿನಕ್ಸ್‌ನಲ್ಲೂ ಸಿಗುತ್ತದೆ. ಉಚಿತ ಅನ್ನುವುದಕ್ಕಿಂತ ನನಗೆ ಮುಖ್ಯವಾದದ್ದು ಪಾಯಿಂಟ್, ರೂಟ್ (ಹೋಗಬೇಕಾದ ದಾರಿ), ಟ್ರ್ಯಾಕ್ (ಹೋಗಿ ಬಂದ ದಾರಿ) ಎಲ್ಲವೂ ಜಿಪಿಎಕ್ಸ್ ಅನ್ನುವ ಸಾಮಾನ್ಯ ಬಗೆಯ ಫೈಲ್ ಆಗಿ ಹೊರಗೆ ಬರುತ್ತವೆ ಅನ್ನುವುದು. ಜಿಪಿಎಕ್ಸ್ ಅನ್ನು ಮೊಬೈಲ್ ಆ್ಯಪ್‌ಗಳೂ ಓದುತ್ತವೆ, ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳೂ ಓದುತ್ತವೆ.

ಚಾರ್ಟ್, ಅಂದರೆ ಆಳ ತೋರಿಸುವ ಸಮುದ್ರದ ನಕ್ಷೆಯ ವಿಷಯ ಮಾತ್ರ ಸಲೀಸಲ್ಲ. ಸಾಫ್ಟ್‌ವೇರ್ ಜೊತೆ ಬರುವ ಪ್ರಪಂಚದ ನಕ್ಷೆ ತೀರಾ ಒರಟು. ಅದನ್ನು ನಂಬಿ ದಡದ ಹತ್ತಿರ ಬೋಟು ಓಡಿಸಲೇಬಾರದು. ಅಮೆರಿಕದಲ್ಲಿ ಸರಕಾರವೇ ಎಲೆಕ್ಟ್ರಾನಿಕ್ ಚಾರ್ಟ್‌ಗಳನ್ನು ಉಚಿತವಾಗಿ ಕೊಡುತ್ತದೆ. ನಮ್ಮ ಚಾರ್ಟ್‌ಗಳನ್ನು ತಯಾರಿಸುವುದು ಡೆಹ್ರಾಡೂನ್‌ನಲ್ಲಿರುವ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್. ಅವುಗಳಿಗೆ ದುಡ್ಡು ಕೊಡಬೇಕು, ಲೈಸೆನ್ಸ್ ಬೇಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಚಾರ್ಟ್ ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಯಾವ ವರ್ಷದ್ದು, ಯಾರು ತಿದ್ದಿದ್ದು ಅಂತ ಗೊತ್ತಿಲ್ಲದ ಆಳದ ಅಂಕಿಯನ್ನು ನೋಡಿ ಏನು ಮಾಡುವುದು? ಇನ್ನು ಅಳಿವೆ ಬಾಗಿಲಿನಲ್ಲಿ ಸರಿಯಾದ ಚಾರ್ಟ್ ಇದ್ದರೂ ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಮರಳು ಜಾಗ ಬದಲಿಸಿರುತ್ತದೆ. ನಮ್ಮದೇ ಬೋಟು ಒಳಗೆ ಬಂದ ಟ್ರ್ಯಾಕ್ ಒಳ್ಳೆಯ ದಾರಿ ತೋರಿಸುತ್ತದೆ, ಆದರೆ ಅದೂ ಆ ಸೀಸನ್ನಿಗೆ ಮಾತ್ರ. ಪ್ರತಿ ಆಗಸ್ಟ್‌ನಲ್ಲಿ ಅಳಿವೆಯ ಹಳೆಯ ಟ್ರ್ಯಾಕ್‌ಗಳನ್ನು ಪರದೆಯಿಂದ ಮರೆ ಮಾಡುತ್ತೇನೆ.

ಜೋಡಣೆಗೆ ಬರೋಣ. ಜಿಪಿಎಸ್ ಹಿಂದೆ ಡೇಟಾ ಹೊರಗೆ ಬರುವ ತಂತಿ ಇರುತ್ತದೆ. ಮೆನುವಿನಲ್ಲಿ ಬೋಟಿನ ಉಪಕರಣಗಳು ಡೇಟಾ ಹಂಚಿಕೊಳ್ಳುವ ಭಾಷೆಯಾದ ಎನ್‌ಎಂಇಎ 0183 ಔಟ್‌ಪುಟ್ ಆನ್ ಮಾಡಬೇಕು. ಡೇಟಾದ ವೇಗ 4800 ಬಾಡ್ (ಸೆಕೆಂಡಿಗೆ 4800 ಬಿಟ್). ಆ ತಂತಿಯನ್ನೂ ಗ್ರೌಂಡ್ ತಂತಿಯನ್ನೂ ಯುಎಸ್‌ಬಿ ಕನ್ವರ್ಟರ್‌ಗೆ ಕೊಟ್ಟರೆ ಲ್ಯಾಪ್‌ಟಾಪ್‌ನಲ್ಲಿ ಒಂದು ಕಾಮ್ ಪೋರ್ಟ್, ಅಂದರೆ ಡೇಟಾ ಒಳಗೆ ಬರುವ ಬಾಗಿಲು, ಕಾಣುತ್ತದೆ. ಕನ್ವರ್ಟರ್ ಅನ್ನು ಬೇರೆ ಕಿಂಡಿಗೆ ಹಾಕಿದರೆ ಪೋರ್ಟ್ ನಂಬರ್ ಬದಲಾಗಬಹುದು. ಹಾಗಾಗಿ ಒಂದೇ ಕಿಂಡಿ ಗೊತ್ತು ಮಾಡಿ ಅದರ ಪಕ್ಕ ಕೆಂಪು ಟೇಪ್ ಅಂಟಿಸಿದ್ದೇವೆ.

ವಿಂಡೋಸ್‌ನಲ್ಲಿ ಒಂದು ವಿಚಿತ್ರ ಕಾಟ ಇದೆ. ಜಿಪಿಎಸ್‌ನಿಂದ ಬರುವ ಡೇಟಾವನ್ನು ಅದು ಕೆಲವೊಮ್ಮೆ ಹಳೆಯ ಕಾಲದ ಸೀರಿಯಲ್ ಮೌಸ್ ಅಂತ ತಿಳಿದುಕೊಳ್ಳುತ್ತದೆ. ಆಗ ಪರದೆಯ ಬಾಣ ಹುಚ್ಚೆದ್ದ ಹಾಗೆ ಓಡಾಡುತ್ತದೆ, ತಾನೇ ಕ್ಲಿಕ್ಕೂ ಮಾಡುತ್ತದೆ. ವೈರಸ್ ಅಂದುಕೊಂಡು ಲ್ಯಾಪ್‌ಟಾಪ್ ರಿಪೇರಿಗೆ ಕೊಡಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಪಟ್ಟಿಯೊಳಗೆ 'ಸೀರಿಯಲ್ ಬಾಲ್‌ಪಾಯಿಂಟ್' ಅಂತ ಕಾಣುತ್ತದೆ. ಅದನ್ನು ಡಿಸೇಬಲ್ ಮಾಡಿದರೆ ಆಯಿತು, ಡಿಲೀಟ್ ಮಾಡಿದರೆ ಮತ್ತೆ ಬರುತ್ತದೆ.

ಡೇಟಾ ಸರಿಯಾಗಿ ಬರುತ್ತಿದೆಯಾ ಅಂತ ನೋಡಲು ಓಪನ್ ಸಿಪಿಎನ್‌ನಲ್ಲೇ ಒಂದು ಕಿಟಕಿ ಇದೆ. ಆರ್‌ಎಂಸಿ ಅನ್ನುವ ಸಾಲನ್ನು ಹುಡುಕಿ. ಸಮಯ, ಸ್ಥಾನ, ವೇಗ, ದಿಕ್ಕು ಎಲ್ಲ ಅದರಲ್ಲೇ ಇರುತ್ತವೆ. ಸಮಯದ ನಂತರ 'ಎ' ಅಕ್ಷರ ಇದ್ದರೆ ಸ್ಥಾನ ಸರಿ, 'ವಿ' ಇದ್ದರೆ ಜಿಪಿಎಸ್‌ಗೆ ಇನ್ನೂ ಸ್ಥಾನ ಸಿಕ್ಕಿಲ್ಲ. ಆಗ ತೊಂದರೆ ಸಾಫ್ಟ್‌ವೇರ್‌ನದ್ದಲ್ಲ, ಆಂಟೆನಾ ಕಡೆ ನೋಡಬೇಕು.

ಜಾಸ್ತಿ ದಿನ ಹಿಡಿದದ್ದು ತಾಂಡೇಲರ ಪುಸ್ತಕ. ಅವರು ಓದಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಪ್ರತಿ ಪಾಯಿಂಟ್‌ಗೂ ಒಂದು ಪ್ರಶ್ನೆ ಕೇಳಬೇಕಿತ್ತು: ಚುಕ್ಕಿ ಆದ ಮೇಲಿನದ್ದು ಸೆಕೆಂಡಾ, ಮಿನಿಟಿನ ಭಾಗವಾ? 13 ಡಿಗ್ರಿ 25.50 ಮಿನಿಟ್ ಬೇರೆ, 13 ಡಿಗ್ರಿ 25 ಮಿನಿಟ್ 50 ಸೆಕೆಂಡ್ ಬೇರೆ. ಅಕ್ಷಾಂಶದ ಒಂದು ಮಿನಿಟ್ ಅಂದರೆ ಸುಮಾರು 1852 ಮೀಟರ್. ಈ ಎರಡರ ನಡುವಿನ ವ್ಯತ್ಯಾಸ 600 ಮೀಟರಿಗೂ ಜಾಸ್ತಿ! ಕಲ್ಲು ಬಿಟ್ಟು ಹೋದೆವು ಅಂದುಕೊಂಡು ಕಲ್ಲಿನ ಮೇಲೇ ಬಲೆ ಎಳೆಯಲು ಇಷ್ಟು ಸಾಕು.

ಇನ್ನೊಂದು ವಿಷಯ ಹಳೆಯ ಪುಸ್ತಕ ಇರುವವರೆಲ್ಲ ಗಮನಿಸಬೇಕು. 2000ರ ಮೇ ತಿಂಗಳ ಆರಂಭದವರೆಗೆ ಅಮೆರಿಕ ಬೇಕೆಂದೇ ಜನಸಾಮಾನ್ಯರ ಜಿಪಿಎಸ್‌ನ ನಿಖರತೆ ಕಡಿಮೆ ಮಾಡಿತ್ತು. ಆಗ ಬರೆದುಕೊಂಡ ಪಾಯಿಂಟ್ ಸುಮಾರು 100 ಮೀಟರ್ ಆಚೀಚೆ ಇರಬಹುದು. ಅಂಥವಕ್ಕೆ ಬೇರೆ ಗುರುತು ಕೊಟ್ಟು ಸುತ್ತ ಒಂದು ದೊಡ್ಡ ವೃತ್ತ ಹಾಕಿದೆ. ಪಾಯಿಂಟ್‌ನ ಸುತ್ತ ಬೇಕಾದಷ್ಟು ದೂರಕ್ಕೆ ವೃತ್ತ ಹಾಕುವ ಸೌಕರ್ಯ ಓಪನ್ ಸಿಪಿಎನ್‌ನಲ್ಲಿದೆ. ತಾಂಡೇಲರಿಗೆ ತುಂಬಾ ಇಷ್ಟವಾದದ್ದು ಇದೇ. ಈಗ ಅವರು ಅಂಕಿ ನೋಡುವುದಿಲ್ಲ, ಬೋಟು ವೃತ್ತದ ಹೊರಗಿದೆಯಾ ಅಂತ ನೋಡುತ್ತಾರೆ. ಕಲ್ಲಿನ ಸರಿಯಾದ ಜಾಗ ಹೊಸದಾಗಿ ಗೊತ್ತಾದರೆ ವೃತ್ತ ಸಣ್ಣದು ಮಾಡುತ್ತೇವೆ.

ಕರೆಂಟಿಗೆ ಇನ್ವರ್ಟರ್ ಹಾಕಲಿಲ್ಲ. ಬ್ಯಾಟರಿಯಿಂದ ನೇರ ಲ್ಯಾಪ್‌ಟಾಪ್‌ಗೆ ಬೇಕಾದ ವೋಲ್ಟ್ ಕೊಡುವ ಡಿಸಿ ಅಡಾಪ್ಟರ್ ಸಾಕು. ಯುಎಸ್‌ಬಿಯ ಪವರ್ ಉಳಿತಾಯ ಆಫ್ ಮಾಡಿ. ಇಲ್ಲದಿದ್ದರೆ ಜಿಪಿಎಸ್ ಡೇಟಾ ಮಧ್ಯೆ ನಿಲ್ಲಬಹುದು. ಡೇಟಾ ನಿಂತರೆ ಪರದೆಯ ಮೇಲಿನ ಬೋಟು ಬೂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾಬಿನ್ನಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಇದನ್ನು ಹೇಳಿಕೊಟ್ಟಿದ್ದೇನೆ. ಬೂದು ಕಂಡ ಕೂಡಲೇ ಹಳೆಯ ಜಿಪಿಎಸ್ ನೋಡಬೇಕು. ಅದನ್ನು ತೆಗೆಯುವ ಮಾತೇ ಇಲ್ಲ.

ಬಂದರಿಗೆ ಬಂದ ಮೇಲೆ ಜಿಪಿಎಕ್ಸ್ ಫೈಲ್‌ನ ಒಂದು ಪ್ರತಿ ನನ್ನ ಮೊಬೈಲಿಗೆ, ಒಂದು ತಾಂಡೇಲರ ಪೆನ್‌ಡ್ರೈವ್‌ಗೆ ಹೋಗುತ್ತದೆ. ಮುಂದಿನ ಕೆಲಸ ಹಡಗುಗಳು ರೇಡಿಯೊದಲ್ಲಿ ಕಳಿಸುವ ತಮ್ಮ ಸ್ಥಾನವನ್ನು ಹಿಡಿಯುವ ಎಐಎಸ್ ರಿಸೀವರ್, ದೊಡ್ಡ ಹಡಗುಗಳು ಎಲ್ಲಿ ಬರುತ್ತಿವೆ ಅಂತ ಅದೇ ಪರದೆಯಲ್ಲಿ ಕಾಣಲಿಕ್ಕೆ. ಅದರ ವೇಗ 38400 ಬಾಡ್ ಆದ್ದರಿಂದ ಜಿಪಿಎಸ್‌ನ ತಂತಿಗೇ ಸೇರಿಸಲು ಬರುವುದಿಲ್ಲ, ಇನ್ನೊಂದು ಪೋರ್ಟ್ ಕೊಡಬೇಕು.