ಕಡಿಸಿಕೊಂಡ ಕಾಯಿ

ಕಂಪನಿ ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. 2019ರ ಕೊನೆಗೆ ಬೆಂಗಳೂರಿನ ಬಾಡಿಗೆ ಕೋಣೆಯ ಕುರ್ಚಿ ಮೇಜುಗಳನ್ನೆಲ್ಲ ಮಾರಿಯಾಗಿತ್ತು. ಆದರೂ ಕಾಗದದ ಮೇಲೆ ನಮ್ಮ ಗೇಮ್ ಸ್ಟುಡಿಯೋ ಜೀವಂತವಾಗಿತ್ತು. ನೋಂದಣಿಯಿಂದ ಹೆಸರು ತೆಗೆಸಲು ಎಸ್‌ಟಿಕೆ-2 ಅರ್ಜಿ, ಅದರ ಶುಲ್ಕ 10,000 ರೂಪಾಯಿ. ಅದಕ್ಕೂ ಮೊದಲು ಬಾಕಿಯಿರುವ ವಾರ್ಷಿಕ ಲೆಕ್ಕಪತ್ರಗಳನ್ನು ಸಲ್ಲಿಸಬೇಕು. ತಡವಾದರೆ ಒಂದೊಂದು ಪತ್ರಕ್ಕೂ ದಿನಕ್ಕೆ 100 ರೂಪಾಯಿ ದಂಡ. ಆಟ ಮಾಡಲು ಸಾಲ ಮಾಡಿದ್ದೆವು, ಈಗ ಆಟ ಮುಗಿಸಲು ಮತ್ತೊಂದು ಸಾಲ.

ನಾವು ಮೂವರು, ಬಳ್ಳಾರಿಯಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ನಾನು ಗಂಗಾವತಿಯವನಾದ್ದರಿಂದ ಕಥೆ ಆನೆಗೊಂದಿಯಲ್ಲಿ ನಡೆಯಬೇಕೆಂದು ಹಟ ಹಿಡಿದಿದ್ದೆ: ಬಂಡೆಗಳ ಮೇಲೆ ಏರುವುದು, ಹರಿಗೋಲಿನಲ್ಲಿ ಹೊಳೆ ದಾಟುವುದು, ಹಾಳು ಕೋಟೆಯೊಳಗೆ ದಾರಿ ಹುಡುಕುವುದು. ತುಂಗಭದ್ರೆಯ ನೀರು ಬಿಸಿಲಿಗೆ ಮಿಂಚುವಂತೆ ಮಾಡಲು ನಾಲ್ಕು ತಿಂಗಳು ಕಳೆದೆವು. ನೀರು ನಿಜಕ್ಕೂ ಚೆನ್ನಾಗಿತ್ತು. ಹೊರಗಿನವರೊಬ್ಬರ ಕೈಗೆ ಆಟ ಕೊಟ್ಟದ್ದು ಇಪ್ಪತ್ತನೆಯ ತಿಂಗಳಲ್ಲಿ. ಅವನು ನನ್ನ ಚಿಕ್ಕಪ್ಪನ ಮಗ. ಎರಡು ಬಂಡೆಗಳಿಂದ ಬಿದ್ದು, ಹತ್ತು ನಿಮಿಷಕ್ಕೆ ನಿಲ್ಲಿಸಿ, "ಈಗ ನಾನು ಏನು ಮಾಡಬೇಕು?" ಎಂದು ಕೇಳಿದ. ಮೂವರೂ ಮುಖ ಮುಖ ನೋಡಿಕೊಂಡೆವು. ಆಸಕ್ತಿ ತೋರಿಸಿದ್ದ ವಿದೇಶಿ ಪ್ರಕಾಶಕರೂ ಆ ಹೊತ್ತಿಗೆ ಮಿಂಚಂಚೆಗಳಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದರು.

ಸಾಲ ತೀರಿಸಲು ಹಣ ಕಟ್ಟಿ ಆಡುವ ಇಸ್ಪೀಟು ಆಟಗಳ ಕಂಪನಿಯೊಂದನ್ನು ಸೇರಿದೆ. ಸಂಬಳ ಚೆನ್ನಾಗಿತ್ತು, ಕೆಲಸದ ಬಗ್ಗೆ ಹೆಚ್ಚು ಹೇಳುವ ಮನಸ್ಸಿಲ್ಲ. 2023ರ ಅಕ್ಟೋಬರ್ 1ರಿಂದ ಇಂಥ ಆಟಗಳಲ್ಲಿ ಆಟಗಾರ ಹಾಕುವ ಪೂರ್ತಿ ಹಣದ ಮೇಲೆ ಶೇ 28ರಷ್ಟು ಜಿಎಸ್‌ಟಿ ಬಂತು. ನಮ್ಮ ತಂಡ ಅರ್ಧವಾಯಿತು. ಹೋದ ಅರ್ಧದಲ್ಲಿ ನಾನಿದ್ದೆ.

ಗಂಗಾವತಿಗೆ ಮರಳಿದೆ. ಅವ್ವ ಬಾಗಿಲಲ್ಲೇ, "ಕಡಿಸಿಕೊಂಡ ಕಾಯಿ ಮನೆಗೇ ಬರಬೇಕಲ್ಲ, ಬಾ" ಎಂದಳು. ಚೌಕಾಬಾರ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಆಡದವರಿಗೆ ಹೇಳುವುದಾದರೆ, ಆ ಕವಡೆಯಾಟದಲ್ಲಿ ಎದುರಾಳಿ ಕಡಿದ ಕಾಯಿ ಹೊರಟ ಮನೆಗೇ ಮರಳಿ ಮತ್ತೆ ಮೊದಲಿನಿಂದ ನಡೆಯಬೇಕು.

ಅಪ್ಪ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಅವರು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಖಾತೆ ಪುಸ್ತಕದ ಒಂದು ಹಾಳೆ ತೆರೆದು, "ತಿಂಗಳಿಗೆ ಎಷ್ಟು ಬೇಕು? ಕೈಯಲ್ಲಿ ಎಷ್ಟಿದೆ?" ಎಂದರು. ಬೆಂಗಳೂರಿನಲ್ಲಿ ಎರಡು ವರ್ಷ ಸ್ಟುಡಿಯೋ ನಡೆಸಿದವನು ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಿರಲಿಲ್ಲ! ಲೆಕ್ಕ ಹಾಕಿದಾಗ ಹನ್ನೊಂದು ತಿಂಗಳು ಬಂತು. "ಎಂಟು ಎಂದು ಬರೆ. ಉಳಿದದ್ದು ಬಿತ್ತನೆಯ ಬೀಜ, ಅದನ್ನು ಉಣ್ಣಬಾರದು." ಎಂಟು ತಿಂಗಳಲ್ಲಿ ಒಬ್ಬನೇ ಮುಗಿಸಬಹುದಾದ ಆಟ ಯಾವುದು ಎಂದು ಹುಡುಕಿದಾಗ ಉತ್ತರ ಪಡಸಾಲೆಯಲ್ಲೇ ಇತ್ತು. ಅವ್ವ ಮತ್ತು ಪಕ್ಕದ ಮನೆಯವರು ಸೀಮೆಸುಣ್ಣದಲ್ಲಿ ಐದೈದರ ಮನೆ ಬರೆದು ಕವಡೆ ಎಸೆಯುತ್ತಿದ್ದರು. ಹಂಪಿಯ ಮಂಟಪಗಳ ಹಾಸುಗಲ್ಲುಗಳ ಮೇಲೂ ಇಂಥ ಆಟದ ಮನೆಗಳನ್ನು ಕೊರೆದಿದ್ದಾರೆ. ಅಷ್ಟು ವರ್ಷ ಬಂಡೆಗಳನ್ನು ನೋಡಿದ ನಾನು ಅವುಗಳ ಮೇಲೆ ಕುಳಿತವರು ಏನು ಆಡುತ್ತಿದ್ದರು ಎಂಬುದನ್ನು ನೋಡಿರಲಿಲ್ಲ.

ಮೊದಲ ತೊಡಕು ಅಕ್ಷರದ್ದು. ಹಿಂದಿನ ಸ್ಟುಡಿಯೋದಲ್ಲಿ ಬಳಸುತ್ತಿದ್ದ ಎಂಜಿನ್‌ಗೆ, ಅಂದರೆ ಆಟ ಕಟ್ಟುವ ತಂತ್ರಾಂಶಕ್ಕೆ, ಒತ್ತಕ್ಷರ ಬರುತ್ತಿರಲಿಲ್ಲ. ಕೊಪ್ಪಳ ಎಂದು ಬರೆದರೆ ಕೊಪ್‌ಪಳ, ಬಳ್ಳಾರಿ ಎಂದರೆ ಬಳ್‌ಳಾರಿ. ಆಗ ಪ್ರತಿಯೊಂದು ಮಾತನ್ನೂ ಚಿತ್ರವಾಗಿ ಉಳಿಸಿ ಅಂಟಿಸುತ್ತಿದ್ದೆವು. ಒಂದು ಕಾಗುಣಿತ ತಿದ್ದಲು ಅರ್ಧ ದಿನ. ಈ ಸಲ ಗೊಡೋ ಎಂಬ ಎಂಜಿನ್‌ಗೆ ಬದಲಾಯಿಸಿದೆ. ಅದು ಉಚಿತ, ಮುಕ್ತ ತಂತ್ರಾಂಶ. 2023ರ ಮಾರ್ಚ್‌ನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶ ಒಳಗೇ ಇದೆ. ಕನ್ನಡದ ಸಾಲು ಮೊದಲ ಸಲ ಪರದೆಯ ಮೇಲೆ ಸರಿಯಾಗಿ ಕುಳಿತ ರಾತ್ರಿ ನಾನು ಬೇರೇನೂ ಕೆಲಸ ಮಾಡಲಿಲ್ಲ, ಸುಮ್ಮನೆ ಹೆಸರುಗಳನ್ನು ಬರೆದು ನೋಡುತ್ತಿದ್ದೆ.

ನಿಜವಾಗಿ ಕಾಡಿದ್ದು ಕವಡೆ. ನಾಲ್ಕು ಕವಡೆ, ಪ್ರತಿಯೊಂದೂ ಅಂಗಾತ ಅಥವಾ ಬೋರಲು. ಎಷ್ಟು ಅಂಗಾತವೋ ಅಷ್ಟು ಮನೆ ನಡೆ; ಒಂದೂ ಅಂಗಾತವಿಲ್ಲದಿದ್ದರೆ ಎಂಟು. ಎರಡಕ್ಕೂ ಸಮ ಅವಕಾಶವಿದ್ದರೆ ಹದಿನಾರು ಸಾಧ್ಯತೆಗಳಲ್ಲಿ ಒಂದು ಮತ್ತು ಮೂರು ತಲಾ ನಾಲ್ಕು ಸಲ, ಎರಡು ಆರು ಸಲ, ನಾಲ್ಕು ಮತ್ತು ಎಂಟು ಒಂದೊಂದೇ ಸಲ. ಹಾಗೇ ಬರೆದೆ. ಅವ್ವ ಅರ್ಧ ಗಂಟೆ ಆಡಿ, "ಇದು ಮೋಸ, ಎಂಟು ಬೀಳುವುದೇ ಇಲ್ಲ" ಎಂದಳು. ಗಣಿತ ಸರಿಯಿದೆ ಎಂದು ವಾದಿಸಿದೆ. ಆಮೇಲೆ ಅನುಮಾನ ಬಂದು ಅವಳ ಕವಡೆಗಳನ್ನೇ ತೆಗೆದುಕೊಂಡು, ಅಪ್ಪನ ಪುಸ್ತಕದಲ್ಲಿ ಗೀಟು ಹಾಕುತ್ತಾ, ಐನೂರು ಸಲ ಎಸೆದೆ. ಅವ್ವನ ಮಾತೇ ಸರಿ. ಕವಡೆಯ ಬೆನ್ನು ಗುಂಡಗಿದೆ, ಬಾಯಿಯ ಕಡೆ ಚಪ್ಪಟೆ. ನಮ್ಮ ಮನೆಯ ಕವಡೆಗಳು ಬೋರಲು ಬೀಳುವುದೇ ಹೆಚ್ಚು, ನಾಲ್ಕೂ ಬೋರಲಾದರೆ ಎಂಟು. ಇಡೀ ಜನ್ಮ ಆಡಿದವಳ ಕೈಗೆ ಆ ಲೆಕ್ಕ ಗೊತ್ತಿತ್ತು. ಕೋಡಿನಲ್ಲಿ ಒಂದೊಂದು ಕವಡೆಗೂ ಅದರದೇ ಒಲವು ಕೊಟ್ಟೆ. ಅಂದಿನಿಂದ ದೂರು ನಿಂತಿತು.

ನಿಯಮಗಳದ್ದು ಬೇರೆ ಜಗಳ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುವವರು ಕೆಲವರು, ಹೋಗಬಹುದು ಎನ್ನುವವರು ಇನ್ನು ಕೆಲವರು. ಜೋಡಿಕಾಯಿಯನ್ನು ಒಂಟಿಕಾಯಿ ಕಡಿಯಬಹುದೇ ಎಂಬುದಕ್ಕೆ ನಮ್ಮ ಓಣಿಯಲ್ಲೇ ಮೂರು ಉತ್ತರ. ನ್ಯಾಯ ತೀರ್ಮಾನಿಸುವುದು ಬಿಟ್ಟು ಎಲ್ಲವನ್ನೂ ಆಯ್ಕೆಗಳನ್ನಾಗಿ ಮಾಡಿದೆ.

2024ರ ಜುಲೈ ಕೊನೆಗೆ ಆಟ ಸಿದ್ಧವಾಯಿತು. ಗೂಗಲ್ ಪ್ಲೇಯಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಬಿಡುಗಡೆಗೆ ಮುನ್ನ 20 ಜನರನ್ನು ಸತತ 14 ದಿನ ಪರೀಕ್ಷೆಯಲ್ಲಿ ಇಟ್ಟುಕೊಳ್ಳಬೇಕು ಎಂಬ ನಿಯಮ ಆಗ ಇತ್ತು. ಈಗ ಅದು 12ಕ್ಕೆ ಇಳಿದಿದೆ. ಮಿಲ್ಲಿನವರು, ನೆಂಟರು, ಹಳೆಯ ಸಹಪಾಠಿಗಳು ಎಲ್ಲರನ್ನೂ ಕಾಡಿಸಿ ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತು ಜನರನ್ನು ಕೂಡಿಸಿದೆ. ಒಂಬತ್ತನೆಯ ದಿನ ಆಗಸ್ಟ್ 10. ಅಂದು ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಟ್ಟು 33 ಗೇಟುಗಳಲ್ಲಿ ಅದೊಂದೇ; ಆದರೆ ಒತ್ತಡ ಇಳಿಸಲು ಉಳಿದವುಗಳಿಂದಲೂ ನೀರು ಬಿಡಬೇಕಾಯಿತು. ತುಂಬಿದ ಜಲಾಶಯ ಕಣ್ಣೆದುರೇ ಹರಿದು ಹೋಗುವಾಗ ಗಂಗಾವತಿಯಲ್ಲಿ ಯಾರ ಬಾಯಲ್ಲೂ ಭತ್ತದ ಮಾತು ಬಿಟ್ಟು ಬೇರೆ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಲು ಒಂದು ವಾರ ಹಿಡಿಯಿತು.

ಆ ವಾರ ಕಳೆದು ನೋಡಿದರೆ ನನ್ನ ಇಪ್ಪತ್ತು ಹದಿನಾರಾಗಿತ್ತು. ಗೇಟಿನ ವಿಡಿಯೊಗಳಿಂದ ಮೊಬೈಲ್ ತುಂಬಿ, ಜಾಗಕ್ಕಾಗಿ ಆಟ ಅಳಿಸುವಾಗ ನಾಲ್ವರು ಪರೀಕ್ಷೆಯಿಂದಲೇ ಹೊರಬಂದಿದ್ದರು. ಅವರ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ, ನನ್ನ ಮೊಬೈಲಿನಲ್ಲೂ ಅವೇ ವಿಡಿಯೊಗಳಿದ್ದವು. ಹದಿನಾಲ್ಕು ದಿನಗಳನ್ನು ಮತ್ತೆ ಮೊದಲಿನಿಂದ ಎಣಿಸಿದೆ. ಈ ಸಲ ಇಪ್ಪತ್ತಲ್ಲ, ಮೂವತ್ತೊಂದು ಜನರನ್ನು ಸೇರಿಸಿಕೊಂಡು.

ಬಿಡುಗಡೆಯಾದ ಮೇಲೆ ಪವಾಡವೇನೂ ನಡೆಯಲಿಲ್ಲ. ಮೊದಲ ತಿಂಗಳಿನ ಆದಾಯ ನಮ್ಮ ಮನೆಯ ವಿದ್ಯುತ್ ಬಿಲ್ಲಿಗೆ ಸಾಕಾಯಿತು. ಬೀಜದ ಹಣಕ್ಕೆ ಕೈ ಹಾಕುವ ಮುನ್ನ ಬೇರೊಂದು ದಾರಿ ಕಂಡಿತು. ಕನ್ನಡದ ಒತ್ತಕ್ಷರ ಒಡೆಯುತ್ತದೆ ಎಂದು ಪರದಾಡುತ್ತಿದ್ದ ಇತರರ ಆಪ್‌ಗಳನ್ನು ಸರಿಪಡಿಸುವ ಬಿಡಿ ಕೆಲಸ ಬರತೊಡಗಿತು. ಈಗಲೂ ಮನೆಯ ಖರ್ಚು ನಡೆಯುವುದು ಹೆಚ್ಚಾಗಿ ಅದರಿಂದ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಾಗ, "ನಿನ್ನ ಕವಡೆಯೂ ಬಂದ್ ಆಯಿತೇ?" ಎಂದು ಓಣಿಯವರೆಲ್ಲ ಕೇಳಿದರು. ಅದರಲ್ಲಿ ಹಣದ ಪಣವಿಲ್ಲ, ಹಾಗಾಗಿ ಇಲ್ಲ. ಹಳೆಯ ಸಹೋದ್ಯೋಗಿಯೊಬ್ಬ ಅದೇ ವಾರ ಕರೆ ಮಾಡಿದ್ದ. ಎರಡು ದಿನ ಬಂದು ಉಳಿದು, ಅವ್ವನ ಕೈಯಲ್ಲಿ ಏಳು ಆಟ ಸೋತು ಹೋದ.

ಈಗ ಹುಲಿ-ಕುರಿ ಆಟ ಹಿಡಿದಿದ್ದೇನೆ. ಮೂರು ಹುಲಿ, ಹದಿನೈದು ಕುರಿ. ಕವಡೆಯ ಹಾಗೆ ಇಲ್ಲಿ ಅದೃಷ್ಟದ ಮೇಲೆ ಹೊಣೆ ಹೊರಿಸುವಂತಿಲ್ಲ. ಯಂತ್ರ ಆರು ನಡೆ ಮುಂದಕ್ಕೆ ಯೋಚಿಸಿ ಹುಲಿ ಆಡಿಸುತ್ತದೆ. ನಿನ್ನೆ ಅಪ್ಪ ಮೂರು ಸಲ ಸೋತು, ಮಾತಿಲ್ಲದೆ ಮೊಬೈಲ್ ಕೆಳಗಿಟ್ಟು ಎದ್ದುಹೋದರು. ಇಂದು ರಾತ್ರಿ ಹುಲಿಗೆ ಒಂದಿಷ್ಟು ದಡ್ಡತನ ಕಲಿಸಬೇಕು.